ಲೂಯಿಸ್ಟನ್ನಿನ ಗ್ಯಾರೇಜು, ನಮ್ಮೂರ ಜಗಲಿ

ಮಗಳು ಪುಲ್‌ಮನ್ನಿನಲ್ಲಿ ಓದುತ್ತಿದ್ದಾಳೆ ಎಂದರೆ ಪುಣೆಯ ಗೆಳೆಯರು "ಅದೆಲ್ಲಿ ಬಂತು ಮಾರಾಯ್ರೆ?" ಎಂದು ಕೇಳುತ್ತಾರೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಪೂರ್ವದ ಅಂಚಿನಲ್ಲಿರುವ ಊರು ಅದು. ಸುತ್ತ ಪಲೂಸ್ ಎಂಬ ಗೋಧಿ ಸೀಮೆ. ಎಂದೋ ಗಾಳಿ ಹೊತ್ತು ತಂದು ಸುರಿದ ಮಣ್ಣೇ ಗುಡ್ಡಗಳಾಗಿ ನಿಂತಿದೆಯಂತೆ. ನಾನೂ ನಮ್ಮ ಮನೆಯವಳೂ ಕಳೆದ ಸೆಪ್ಟೆಂಬರಿನಲ್ಲಿ ಅಲ್ಲಿಗೆ ಹೋದಾಗ ಕೊಯ್ಲು ಮುಗಿದು, ಗುಡ್ಡಗಳೆಲ್ಲ ಕ್ಷೌರ ಮಾಡಿಸಿಕೊಂಡ ತಲೆಗಳ ಹಾಗೆ ಹೊಂಬಣ್ಣದಲ್ಲಿ ಹೊಳೆಯುತ್ತಿದ್ದವು.

ಮಗಳ ಮನೆಯ ಮಾಲೀಕರು ಅಲ್ಲಿಂದ ಸುಮಾರು 50 ಕಿಲೋಮೀಟರ್ ದೂರದ ಲೂಯಿಸ್ಟನ್ನಿನಲ್ಲಿ ಇರುತ್ತಾರೆ. ವಯಸ್ಸು ಎಪ್ಪತ್ತು ದಾಟಿದೆ. "ಅಪ್ಪ ಅಮ್ಮ ಬಂದಿದ್ದಾರೆ" ಎಂದು ಮಗಳು ಹೇಳಿದ್ದೇ ತಡ, ಭಾನುವಾರ ಊಟಕ್ಕೆ ಬರಲೇಬೇಕು ಎಂದು ಫೋನು ಮಾಡಿದರು.

ಲೂಯಿಸ್ಟನ್ ಇರುವುದು ಪಕ್ಕದ ಐಡಾಹೊ ರಾಜ್ಯದಲ್ಲಿ. ಗೋಧಿ ಗುಡ್ಡಗಳ ನಡುವೆ ಹೋಗುತ್ತಿದ್ದ ಹಾಗೇ ಇದ್ದಕ್ಕಿದ್ದಂತೆ ನೆಲ ಮುಗಿದು ಕೆಳಗೆ ಕಣಿವೆ ಕಾಣುತ್ತದೆ. ಎರಡು ಸಾವಿರ ಅಡಿ ಇಳಿಯಬೇಕು. ಈಗ ಅಗಲವಾದ ಹೆದ್ದಾರಿ ಇದೆ, ಆದರೆ ಮಗಳು ನಮಗಾಗಿ 1917ರಲ್ಲಿ ತೆರೆದ ಹಳೆಯ ಸುರುಳಿ ರಸ್ತೆಯಲ್ಲೇ ಕಾರು ಇಳಿಸಿದಳು. ಅರವತ್ತಕ್ಕೂ ಹೆಚ್ಚು ತಿರುವು. ಆಗುಂಬೆ ಘಾಟಿಯಲ್ಲಿ ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕುತ್ತಿದ್ದ ನನ್ನಾಕೆ ಇಲ್ಲಿ ಕಣ್ಣು ಮುಚ್ಚಿ ಕೂತಳು. ವ್ಯತ್ಯಾಸ ಇಷ್ಟೇ, ಆಗುಂಬೆಯಲ್ಲಿ ಕಾಡು, ಇಲ್ಲಿ ಒಂದು ಮರವೂ ಇಲ್ಲದ ಒಣಹುಲ್ಲಿನ ಬೆಟ್ಟ. ಕೆಳಗೆ ಸ್ನೇಕ್ ಮತ್ತು ಕ್ಲಿಯರ್‌ವಾಟರ್ ನದಿಗಳು ಸೇರುತ್ತವೆ. ಕಡಲಿನಿಂದ ಸುಮಾರು 750 ಕಿಲೋಮೀಟರ್ ಒಳಗಿದ್ದರೂ ಇದು ಬಂದರು. ಎಂಟು ಅಣೆಕಟ್ಟುಗಳನ್ನು ಮೆಟ್ಟಿಲಿನಂತೆ ಇಳಿದು ಗೋಧಿ ತುಂಬಿದ ದೋಣಿಗಳು ಪೋರ್ಟ್‌ಲ್ಯಾಂಡಿನ ಕಡೆ ಹೋಗುತ್ತವೆ.

ಊರಿಗೆ ಇನ್ನೊಂದು ಗುರುತೂ ಇದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ವರ್ನನ್ ಸ್ಪೀರ್ ಎಂಬುವರು ಇಲ್ಲಿ ರೈಫಲ್ಲಿನ ಗುಂಡು ಮಾಡಲು ತೊಡಗಿದರು. ಅವರ ತಮ್ಮ 1951ರಲ್ಲಿ ಸಿಸಿಐ ಕಂಪನಿ ಕಟ್ಟಿದರು. ಮನೆಯಲ್ಲೇ ತೋಟಾ ತುಂಬುವವರಿಗೆ ಬೇಕಾದ ಸಾಮಾನು ಇಲ್ಲಿಂದ ದೇಶವಿಡೀ ಹೋಗುತ್ತದೆ. ಪುಣೆಯ ಖಡ್ಕಿಯಲ್ಲೂ 1869ರಿಂದ ಮದ್ದುಗುಂಡಿನ ಕಾರ್ಖಾನೆ ಇದೆ. ಅದರ ಗೋಡೆಯ ಪಕ್ಕ 26 ವರ್ಷ ಓಡಾಡಿದ್ದೇನೆ, ಒಳಗೆ ಏನು ನಡೆಯುತ್ತದೆ ಎಂದು ಯೋಚಿಸಿದವನಲ್ಲ. ನಿಜ ಹೇಳಬೇಕೆಂದರೆ, ಕೋವಿಯ ಸುದ್ದಿ ಬಂದರೆ ನಾನು ಎದ್ದು ಹೋಗುವವನು. ಕಾರಣ ಮುಂದೆ ಹೇಳುತ್ತೇನೆ.

ಊಟಕ್ಕೆ ಇನ್ನೂ ಹೊತ್ತಿತ್ತು. ಮಾಲೀಕರು "ಬನ್ನಿ, ನನ್ನ ಕೆಲಸದ ಜಾಗ ತೋರಿಸುತ್ತೇನೆ" ಎಂದು ಗ್ಯಾರೇಜಿಗೆ ಕರೆದುಕೊಂಡು ಹೋದರು. ಅಕ್ಕಸಾಲಿಯ ಅಂಗಡಿಯೇ ಅನ್ನಿಸಿತು. ದಪ್ಪ ಹಲಗೆಯ ಮೇಜು, ಅದಕ್ಕೆ ಬಿಗಿದ ಕೈಯಿಂದ ಒತ್ತುವ ಪ್ರೆಸ್, ಸಣ್ಣ ತಕ್ಕಡಿ, ಅಳತೆಯ ಕ್ಯಾಲಿಪರ್, ಒಂದು ನೋಟ್‌ಬುಕ್. ಮರದ ಹಲಗೆಯೊಂದರ 50 ತೂತುಗಳಲ್ಲಿ 50 ಹಿತ್ತಾಳೆಯ ಖಾಲಿ ತೋಟಾಗಳು ಬಾಯಿ ತೆರೆದು ನಿಂತಿದ್ದವು. ಅಕ್ಟೋಬರಿನಲ್ಲಿ ಅವರು ಎಲ್ಕ್ ಬೇಟೆಗೆ ಹೋಗುತ್ತಾರೆ. ಎಲ್ಕ್ ಎಂದರೆ ನಮ್ಮ ಕಡವೆಗಿಂತ ದೊಡ್ಡದು, ಒಂದು ಸಿಕ್ಕಿದರೆ ಚಳಿಗಾಲಕ್ಕೆಲ್ಲ ಮಾಂಸ. ಸ್ವಂತಕ್ಕೆ ತೋಟಾ ತುಂಬಿಕೊಳ್ಳಲು ಅಲ್ಲಿ ಲೈಸೆನ್ಸ್ ಬೇಕಿಲ್ಲ, ಮಾರುವುದಾದರೆ ಬೇಕು. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಇದಕ್ಕೆಲ್ಲ ಬಿಡುವುದಿಲ್ಲ.

"ಹೊಸಬರು ಹೇಗೆ ಶುರು ಮಾಡುತ್ತಾರೆ?" ಎಂದೆ, ಮಾತಿಗೆ.

"ಮೊದಲು ಪುಸ್ತಕ" ಎಂದು ಕಪಾಟಿನಿಂದ ದಪ್ಪ ಪುಸ್ತಕ ತೆಗೆದರು. ಯಾವ ರೈಫಲ್ಲು, ಯಾವ ಗುಂಡು, ಅದಕ್ಕೆ ಯಾವ ಮದ್ದು ಎಷ್ಟು ಎಂದು ಪುಟಗಟ್ಟಲೆ ಕೋಷ್ಟಕ. ಹೊಸಬರು ಅದರ ಕಡಿಮೆ ಅಳತೆಯಿಂದಲೇ ಹಿಡಿಯಬೇಕು, ಗೆಳೆಯ ಹೇಳಿದ ಲೆಕ್ಕ ನಂಬಬಾರದು. "ತುಂಬ ಜನ ಮೊದಲು ಪ್ರೆಸ್ ಕೊಳ್ಳುತ್ತಾರೆ, ಪುಸ್ತಕ ಆಮೇಲೆ. ಅದು ತಿರುಗುಮುರುಗು" ಎಂದರು.

ಒಂದು ತೋಟಾದಲ್ಲಿ ನಾಲ್ಕೇ ವಸ್ತು: ಹಿತ್ತಾಳೆಯ ಕೇಸು, ಬುಡದಲ್ಲಿ ಕಿಡಿ ಹೊತ್ತಿಸುವ ಪ್ರೈಮರು, ಒಳಗೆ ಮದ್ದು, ಬಾಯಲ್ಲಿ ಗುಂಡು. ಈಡಾದ ಮೇಲೂ ಉಳಿಯುವುದು ಕೇಸು ಮಾತ್ರ. ಅದನ್ನು ಅಕ್ರೋಟಿನ ಚಿಪ್ಪಿನ ಪುಡಿಯಲ್ಲಿ ಅಲುಗಾಡಿಸಿ ಬೆಳಗುತ್ತಾರೆ, ಎಲ್ಲಾದರೂ ಸೀಳಿದೆಯೇ ಎಂದು ಬೆಳಕಿಗೆ ಹಿಡಿದು ನೋಡುತ್ತಾರೆ. ಈಡಿನ ಒತ್ತಡಕ್ಕೆ ಉಬ್ಬಿದ ಕೇಸನ್ನು ಪ್ರೆಸ್ಸಿನಲ್ಲಿ ಒತ್ತಿದರೆ ಮೊದಲಿನ ಗಾತ್ರಕ್ಕೆ ಬರುತ್ತದೆ, ಸುಟ್ಟ ಪ್ರೈಮರು ಕೆಳಗೆ ಉದುರುತ್ತದೆ. ಉದ್ದ ಅಳೆದು, ಹೆಚ್ಚಿದ್ದರೆ ಕತ್ತರಿಸಿ, ಹೊಸ ಪ್ರೈಮರು ಕೂರಿಸಿ, ಮದ್ದು ತೂಗಿ ಹಾಕಿ, ಕೊನೆಗೆ ಗುಂಡು. ನನಗೂ ಕನ್ನಡಕ ಹಾಕಿಸಿ ನಾಲ್ಕು ಕೇಸು ಒತ್ತಲು ಕೊಟ್ಟರು. ಮದ್ದಿನ ಹತ್ತಿರ ಬಿಡಲಿಲ್ಲ. "ಮೊದಲ ದಿನ ಯಾರಿಗೂ ಇಲ್ಲ."

ಮದ್ದು ತೂಗುವುದು ಗ್ರೇನ್ ಲೆಕ್ಕದಲ್ಲಿ. ಒಂದು ಪೌಂಡಿಗೆ 7000 ಗ್ರೇನ್. ಗ್ರೇನ್ ಎಂದರೆ ಕಾಳು, ಧಾನ್ಯದ ಕಾಳಿನಿಂದಲೇ ಬಂದ ತೂಕ. ನಮ್ಮ ಅಕ್ಕಸಾಲಿಗಳ ಗುಲಗಂಜಿ ಹತ್ತಿರಹತ್ತಿರ ಎರಡು ಗ್ರೇನ್ ತೂಗುತ್ತದೆ ಎಂದು ನಾನು ಹೇಳಿದಾಗ ಮುದುಕರಿಗೆ ಬಹಳ ಖುಷಿಯಾಯಿತು. ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ಆಮೇಲೆ ಮದ್ದು ಹಾಕಲು ಕೂತರು. ಮೇಜಿನ ಮೇಲೆ ಒಂದೇ ಡಬ್ಬಿ, ಬೇರೆ ಮದ್ದಿನ ಡಬ್ಬಿಗಳೆಲ್ಲ ಕಪಾಟಿನಲ್ಲಿ ಬೀಗದೊಳಗೆ. ತೂಗುವುದು, ಸುರಿಯುವುದು, ಮುಂದಿನದು. ಹತ್ತು ಹನ್ನೆರಡು ಆಗಿರಬಹುದು, ನಮ್ಮ ಮನೆಯವಳು ಬಾಗಿಲಲ್ಲಿ ನಿಂತು "ರೀ, ಊಟಕ್ಕೆ ಕರೀತಿದ್ದಾರೆ" ಎಂದಳು. ಕನ್ನಡದಲ್ಲೇ, ನನಗೆ. ಆದರೂ ಮುದುಕರ ಕೈ ನಿಂತಿತು. ಉತ್ತರ ಕೊಡಲಿಲ್ಲ, ಬೇಸರವನ್ನೂ ತೋರಿಸಲಿಲ್ಲ. ಕೈಯಲ್ಲಿದ್ದ ಕೇಸನ್ನು ತಲೆಕೆಳಗು ಮಾಡಿ ಮದ್ದನ್ನು ಮತ್ತೆ ತಕ್ಕಡಿಗೆ ಸುರಿದು, ಮೊದಲಿನಿಂದ ತೂಗಿದರು. ಅಲ್ಲಿಯವರೆಗೆ ತುಂಬಿದ್ದ ಅಷ್ಟೂ ಕೇಸುಗಳಿಗೆ ಟಾರ್ಚ್ ಬಿಟ್ಟು ಒಂದೊಂದಾಗಿ ಇಣುಕಿದರು.

"ಮಾತು ಬಿದ್ದರೆ ಒಂದು ಹೆಜ್ಜೆ ಹಿಂದೆ ಹೋಗುತ್ತೇನೆ. ಒಂದರಲ್ಲಿ ಎರಡು ಸಲ ಬಿದ್ದಿದ್ದರೆ ಕೋವಿ ಉಳಿಯುವುದಿಲ್ಲ. ಎಲ್ಲದರಲ್ಲೂ ಒಂದೇ ಮಟ್ಟ ಕಾಣಬೇಕು."

ನಾನು ಕುರ್ಚಿ ಹುಡುಕಿ ಕೂತೆ.

1977. ನನಗೆ ಹತ್ತು ವರ್ಷ. ತೀರ್ಥಹಳ್ಳಿ ಸೀಮೆಯ ನಮ್ಮ ಮನೆಯಲ್ಲಿ ಅಪ್ಪಯ್ಯನದು ಕೇಪಿನ ಕೋವಿ. ಗದ್ದೆಗೆ ಹಂದಿ ಬೀಳುವ ಕಾಲ. ಸಂಜೆ ಜಗಲಿಯಲ್ಲಿ ಕೋವಿ ನಿಲ್ಲಿಸಿಕೊಂಡು ನಳಿಗೆಯ ಬಾಯಿಂದ ಮದ್ದು ಸುರಿಯುತ್ತಿದ್ದರು. ಆಮೇಲೆ ತೆಂಗಿನ ನಾರು, ಚರೆ, ಮತ್ತೆ ನಾರು, ಸಲಾಕೆಯಿಂದ ಜಡಿಯುವುದು. ಅವತ್ತು ಮದ್ದು ಸುರಿದಿದ್ದರಷ್ಟೇ, ನಾನು ಕೊಟ್ಟಿಗೆಯಿಂದ ಓಡಿ ಬಂದು "ಅಪ್ಪಯ್ಯ, ಗೌರಿ ಕರು ಹಾಕ್ತು!" ಎಂದೆ. ಕೋವಿಯನ್ನು ಗೋಡೆಗೆ ಒರಗಿಸಿ ಹೋದರು. ಅರ್ಧ ಗಂಟೆ ಬಿಟ್ಟು ಬಂದವರು ಮದ್ದಿನ ಡಬ್ಬಿ ಎತ್ತಿ ಮತ್ತೆ ಸುರಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ನೋಡಿದೆ. ದೊಡ್ಡವರು, ಅವರಿಗೆ ಗೊತ್ತಿರುತ್ತದೆ ಅಂದುಕೊಂಡೆ. ಹೇಳಲಿಲ್ಲ.

ರಾತ್ರಿ ನಳಿಗೆ ಒಡೆಯಿತು. ಎಡಗೈಯ ಹೆಬ್ಬೆರಳೂ ಪಕ್ಕದ ಬೆರಳೂ ಹೋದವು. ಯಾರು ಕೇಳಿದರೂ ಅಪ್ಪಯ್ಯ "ಹಳೇ ನಳಿಗೆ, ತುಕ್ಕು ತಿಂದಿತ್ತು" ಎನ್ನುತ್ತಿದ್ದರು. ಅಡಿಕೆ ಕೊನೆ ಹಿಡಿಯಲಾಗದೆ ಒದ್ದಾಡುವಾಗಲೂ ಬೇರೆ ಮಾತು ಬಂದಿಲ್ಲ. ಅವರು ತೀರಿಕೊಂಡು 14 ವರ್ಷವಾಯಿತು. ಅವ್ವನಿಗಾಗಲಿ, ಕಟ್ಟಿಕೊಂಡವಳಿಗಾಗಲಿ ನಾನು ಇದನ್ನು ಹೇಳಿರಲಿಲ್ಲ.

ವಾಪಸು ಘಾಟಿ ಹತ್ತುವಾಗ ಹೇಳಿದೆ. ಮಗಳು ಕಾರು ಬದಿಗೆ ನಿಲ್ಲಿಸಿದಳು. ಕೆಳಗೆ ಎರಡು ನದಿಗಳೂ ಕಾಣುತ್ತಿದ್ದವು. ಸ್ವಲ್ಪ ಹೊತ್ತು ಬಿಟ್ಟು "ಅಜ್ಜನಿಗೆ ಗೊತ್ತಿತ್ತಾ ಅಪ್ಪ?" ಎಂದಳು.

ಆಗ ನೆನಪಾಯಿತು. ಬೆಳೆ ಕಾಯಲು ಕೋವಿ ಬೇಕೇ ಬೇಕು, ಅಪ್ಪಯ್ಯ ಮರುವರ್ಷ ಇನ್ನೊಂದು ತಂದಿದ್ದರು. ತಂದ ದಿನವೇ ಉಳಿದ ಮೂರು ಬೆರಳಲ್ಲಿ ಸಲಾಕೆ ಒತ್ತಿ ಹಿಡಿದು ಅರದಿಂದ ಅದನ್ನು ಉಜ್ಜುತ್ತಿದ್ದರು. ಏನದು ಎಂದರೆ "ಲೆಕ್ಕಕ್ಕೆ" ಎಂದಷ್ಟೇ ಹೇಳಿದ್ದರು.

ಆ ಕೋವಿ ಈಗ ತಮ್ಮನ ಹೆಸರಿನಲ್ಲಿದೆ. ಚುನಾವಣೆ ಬಂದಾಗಲೆಲ್ಲ ಪೊಲೀಸ್ ಠಾಣೆಗೆ ಹೋಗಿ, ಮುಗಿದ ಮೇಲೆ ಮನೆಗೆ ಬರುತ್ತದೆ. ಮುದುಕರು ನೆನಪಿಗೆಂದು ಒಂದು ಖಾಲಿ ಕೇಸು ಕೊಡಲು ಬಂದಿದ್ದರು, ನಾನು ಕೈಮುಗಿದು ಬೇಡ ಎಂದಿದ್ದೆ. ಓದುಗರೇ, ನೀವೂ ಹಾಗೆ ಮಾಡಿ. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬ್ಯಾಗಿನಲ್ಲಿ ಖಾಲಿ ತೋಟಾ ಸಿಕ್ಕರೂ ಪೊಲೀಸರಿಗೆ ಉತ್ತರ ಹೇಳಬೇಕು.

ಪುಣೆಗೆ ಬಂದ ಮರುದಿನ ತಮ್ಮನಿಗೆ ಫೋನು ಮಾಡಿದೆ. "ಸಲಾಕೆ ಮೇಲೆ ಗೆರೆ ಇದೆಯಾ ನೋಡೋ" ಎಂದೆ. ಹೋಗಿ ನೋಡಿ ಬಂದ.

"ಎರಡಿದೆ ಅಣ್ಣ. ಸಲಾಕೆ ಒಳಗೆ ಬಿಟ್ಟಾಗ ಒಂದು ಗೆರೆ ನಳಿಗೆ ಬಾಯಿಗೆ ಬಂದರೆ ಕೋವಿ ಖಾಲಿ. ಇನ್ನೊಂದು ಬಂದರೆ ಒಂದು ಈಡು ತುಂಬಿದೆ ಅಂತ. ಅಪ್ಪಯ್ಯ ನಂಗೆ ಕಲಿಸಿದ್ದು. ನಿಂಗೆ ಹೇಳಿರಲಿಲ್ವಾ?"

"ಇಲ್ಲ" ಎಂದೆ. ನನಗೆ ಹೇಳಬೇಕಾದರೆ ಅವರು ಅವತ್ತಿನ ಸಂಜೆಯನ್ನೂ ಹೇಳಬೇಕಾಗುತ್ತಿತ್ತು.