ಚಿತ್ರಕ್ಕೊಂದು ಊರು, ಕೇರಿ, ಹೆಸರು

ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕೂತು ಹಸಿ ಅಡಿಕೆ ಸುಲಿಯುತ್ತಿರುವವರ ಫೋಟೊವನ್ನು ವಿಕಿಮೀಡಿಯ ಕಾಮನ್ಸಿಗೆ ಏರಿಸುವುದು ಎರಡು ನಿಮಿಷದ ಕೆಲಸ. ಅದನ್ನು ಎಲ್ಲಿ ಇಡಬೇಕು ಅನ್ನುವುದು ಮಾತ್ರ ಒಂದು ಸಂಜೆಯನ್ನೇ ತಿಂದುಬಿಡಬಲ್ಲದು. ಅಡಿಕೆ ಮರಕ್ಕೆ ಅಲ್ಲೊಂದು ವರ್ಗವಿದೆ, ಸಸ್ಯಶಾಸ್ತ್ರದ ಹೆಸರಿನಲ್ಲಿ: ಅರೆಕಾ ಕ್ಯಾಟೆಚು. ಆದರೆ ಚಿತ್ರದಲ್ಲಿ ಮರವೇ ಇಲ್ಲ. ಕರ್ನಾಟಕದ ಕೃಷಿ ಅಂತ ಹಾಕಿದರೆ ಅದು ಕೊಯ್ಲಾದ ಮೇಲಿನ ಕೆಲಸ. ಮನೆಯಂಗಳದ ದುಡಿಮೆ ಅನ್ನಬಹುದು, ಕೈಸಲಕರಣೆ ಅನ್ನಬಹುದು. ಸುಲಿದದ್ದು ಹಸಿಕಾಯಿ ಆದ್ದರಿಂದ ಅದು ಚಾಲಿಯಲ್ಲ. ಇನ್ನು ಹಂಡೆಗೆ ಬಿದ್ದು, ಚೊಗರಿನಲ್ಲಿ ಬೆಂದು, ಬಿಸಿಲಿಗೆ ಒಣಗಿ ಕೆಂಪಡಿಕೆಯಾಗುತ್ತದೆ. ಚಾಲಿಯಾದರೆ ಮೊದಲು ಸಿಪ್ಪೆ ಸಮೇತ ತಿಂಗಳುಗಟ್ಟಲೆ ಒಣಗಿ, ಆಮೇಲೆ ಸುಲಿಸಿಕೊಳ್ಳುತ್ತದೆ. ಮಲೆನಾಡಿನವರಿಗೆ ಇದು ಹೇಳಬೇಕಾದ ಮಾತೇ ಅಲ್ಲ. ಆದರೆ ಆ ಚಿತ್ರವನ್ನು ನಾಳೆ ಪೋಲೆಂಡಿನಲ್ಲೋ ಪೆರುವಿನಲ್ಲೋ ಕೂತು ನೋಡುವವರಿಗೆ ಯಾರಾದರೂ ಹೇಳಲೇಬೇಕು. ಹೇಳುವುದಕ್ಕೆ ಅಲ್ಲಿ ಜಾಗವೂ ಇದೆ, ವಿವರಣೆ ಎಂಬ ಖಾನೆಯಲ್ಲಿ. ಬಹಳಷ್ಟು ಜನ ಆ ಖಾನೆಯಲ್ಲಿ ಒಂದೇ ಸಾಲು ಬರೆದು ಮುಂದೆ ಹೋಗುತ್ತಾರೆ. ನನಗೆ ಹೊಟ್ಟೆ ಉರಿಯುವುದು ಅಲ್ಲೇ.

ಕಾಮನ್ಸ್ ಶುರುವಾದದ್ದು 2004ರ ಸೆಪ್ಟೆಂಬರಿನಲ್ಲಿ. ಅದಕ್ಕೆ ಮೊದಲು ಒಂದೊಂದು ಭಾಷೆಯ ವಿಕಿಪೀಡಿಯವೂ ತನ್ನ ಚಿತ್ರಗಳನ್ನು ತಾನೇ ಇಟ್ಟುಕೊಳ್ಳುತ್ತಿತ್ತು. ಬೇಲೂರಿನ ಒಂದೇ ಫೋಟೊವನ್ನು ಕನ್ನಡಕ್ಕೆ ಒಮ್ಮೆ, ಇಂಗ್ಲಿಷಿಗೆ ಒಮ್ಮೆ, ಜರ್ಮನ್ನಿಗೆ ಇನ್ನೊಮ್ಮೆ ಏರಿಸಬೇಕಿತ್ತು. ಎಲ್ಲರಿಗೂ ಒಂದೇ ಕಣಜ ಇರಲಿ ಎಂದು ಇದನ್ನು ಮಾಡಿದರು. ಈಗ ಅದರಲ್ಲಿ ಹತ್ತು ಕೋಟಿಗೂ ಮೀರಿ ಕಡತಗಳಿವೆ. ಕಾಸು ಕೊಡುವವರಿಲ್ಲ, ಲೈಕ್ ಒತ್ತುವ ಗುಂಡಿಯಿಲ್ಲ. ಜನ ಏರಿಸುತ್ತಾರೆ, ಜನವೇ ವಿಂಗಡಿಸುತ್ತಾರೆ, ಬೇಡವಾದದ್ದನ್ನು ಜನವೇ ಚರ್ಚೆ ಮಾಡಿ ತೆಗೆಯುತ್ತಾರೆ. ನಿರ್ವಾಹಕರು ಅಂತ ಇದ್ದಾರೆ, ಅವರೂ ಸಂಬಳವಿಲ್ಲದವರೇ. ಬಳಕೆದಾರರ ಮತದಿಂದ ಆಯ್ಕೆಯಾದವರು.

ಹತ್ತು ಕೋಟಿಯ ನಡುವೆ ಹೆಸರಿಲ್ಲದ ಚಿತ್ರ ಇದ್ದೂ ಇಲ್ಲದ ಹಾಗೆಯೇ. ಐಎಂಜಿ 2034 ಅಂತ ಕ್ಯಾಮೆರಾ ಇಟ್ಟ ಹೆಸರಿನಲ್ಲೇ ಏರಿಸಲು ಹೋದರೆ ಅಲ್ಲಿನ ವ್ಯವಸ್ಥೆಯೇ ತಡೆದು, ಅರ್ಥವಾಗುವ ಹೆಸರು ಕೊಡಿ ಅನ್ನುತ್ತದೆ. ಈ ತಡೆ ನನಗೆ ತುಂಬ ಇಷ್ಟ. ಅಲ್ಲಿಂದ ಮುಂದೆ ನಡೆಯುವುದು ಇನ್ನೂ ಇಷ್ಟ. ಕೊಕ್ಕರೆ ಬೆಳ್ಳೂರಿನಲ್ಲಿ ಹುಣಸೆಮರದ ತುದಿಯಲ್ಲಿ ಕೂತ ಹಕ್ಕಿಯ ಚಿತ್ರವನ್ನು ಯಾರೋ ಉತ್ಸಾಹದಿಂದ ‘ಕೊಕ್ಕರೆ’ ಎಂದು ಏರಿಸುತ್ತಾರೆ ಎನ್ನಿ. ಊರಿನ ಹೆಸರಿನಲ್ಲೇ ಕೊಕ್ಕರೆ ಇರುವಾಗ ಹಾಗೆ ಅನ್ನಿಸುವುದು ಸಹಜ. ಆದರೆ ಆ ಊರಿನ ಮರಗಳಲ್ಲಿ ಬಣ್ಣದ ಕೊಕ್ಕರೆಯ ಜೊತೆಗೆ ಹೆಜ್ಜಾರ್ಲೆಯೂ ಗೂಡು ಕಟ್ಟುತ್ತದೆ. ಚಿತ್ರದ ಹಕ್ಕಿಗೆ ಕೊಕ್ಕಿನ ಕೆಳಗೆ ಚೀಲ ಜೋತಿದ್ದರೆ ಅದು ಹೆಜ್ಜಾರ್ಲೆ. ಒಂದೆರಡು ದಿನದಲ್ಲಿ ಯಾವುದೋ ದೇಶದ, ಮುಖ ನೋಡದ ಒಬ್ಬರು ಬಂದು ಕೊಕ್ಕರೆಯ ವರ್ಗ ತೆಗೆದು ಪೆಲೆಕಾನಸ್ ಫಿಲಿಪ್ಪೆನ್ಸಿಸ್ ಎಂಬ ವರ್ಗ ಹಾಕುತ್ತಾರೆ; ಕಡತದ ಹೆಸರೂ ಬದಲಾಗಲಿ ಎಂದು ಕೋರಿಕೆ ಬರೆಯುತ್ತಾರೆ. ಇನ್ನೊಬ್ಬರು ಮದ್ದೂರು ತಾಲ್ಲೂಕು, ಮಂಡ್ಯ ಜಿಲ್ಲೆ ಎಂದು ಸೇರಿಸುತ್ತಾರೆ. ಮತ್ತೊಬ್ಬರು ವಾಲಿಕೊಂಡಿದ್ದ ಚಿತ್ರವನ್ನು ನೆಟ್ಟಗೆ ಮಾಡಿ ಹೋಗುತ್ತಾರೆ. ಪುಟದ ಇತಿಹಾಸ ತೆರೆದರೆ ಇವರೆಲ್ಲ ಬಂದುಹೋದ ಗುರುತು, ದಿನ, ಗಂಟೆ, ನಿಮಿಷದ ಸಮೇತ ಇರುತ್ತದೆ. ಫೋಟೊ ತೆಗೆದವರು ಗುಂಡಿ ಒತ್ತಿ ಮುಗಿಸಿದ್ದರು. ಅದು ನಾಲ್ಕು ಜನಕ್ಕೆ ಉಪಯೋಗಕ್ಕೆ ಬಂದದ್ದು ಈ ಬಂದುಹೋದವರಿಂದ.

ಹಲ್ಮಿಡಿ ಶಾಸನದ ವಿಷಯದಲ್ಲಿ ನನಗೊಂದು ಕಳಕಳಿ ಇದೆ. ಕನ್ನಡದ ಅತ್ಯಂತ ಹಳೆಯ ಶಾಸನಗಳ ಮಾತು ಬಂದಲ್ಲೆಲ್ಲ ಅದರ ಚಿತ್ರ ಬೇಕು. 1936ರಲ್ಲಿ ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದ ಆ ಮೂಲ ಕಲ್ಲು ಇರುವುದು ಮೈಸೂರಿನಲ್ಲಿ, ಪುರಾತತ್ವ ಇಲಾಖೆಯ ಸುಪರ್ದಿನಲ್ಲಿ. ಹಲ್ಮಿಡಿ ಊರಿನ ಮಂಟಪದಲ್ಲಿ ನಿಂತಿರುವುದು ಪ್ರತಿಕೃತಿ. ಊರಿಗೆ ಹೋದವರು ಪ್ರೀತಿಯಿಂದ ತೆಗೆಯುವುದು ಅದನ್ನೇ. ಅದರಲ್ಲಿ ತಪ್ಪೇನೂ ಇಲ್ಲ, ಪ್ರತಿಕೃತಿಯ ಚಿತ್ರವೂ ಬೇಕು. ವಿವರಣೆಯಲ್ಲಿ ‘ಪ್ರತಿಕೃತಿ’ ಅನ್ನುವ ಒಂದು ಮಾತು ಇಲ್ಲದಿದ್ದರೆ ಮಾತ್ರ ಕಷ್ಟ. ಆ ಚಿತ್ರ ಪಾಠದ ಟಿಪ್ಪಣಿಗೆ ಹೋಗುತ್ತದೆ, ಭಾಷಣದ ಪರದೆಗೆ ಹೋಗುತ್ತದೆ, ರಾಜ್ಯೋತ್ಸವದ ಕರಪತ್ರಕ್ಕೆ ಹೋಗುತ್ತದೆ. ಹೋದಲ್ಲೆಲ್ಲ ಮೂಲವೆಂದೇ ಕರೆಸಿಕೊಳ್ಳುತ್ತದೆ. ಅಕ್ಷರದ ಆಕಾರ ನೋಡಿ ಕಾಲ ಹೇಳುವ ವಿದ್ಯೆಯಲ್ಲಿ ಕಲ್ಲು ಯಾವುದು, ಅಚ್ಚು ಯಾವುದು ಅನ್ನುವುದು ಸಣ್ಣ ವಿಷಯವಲ್ಲ.

ಇನ್ನು ಲೈಸೆನ್ಸಿನ ಮಾತು. ಕಾಮನ್ಸಿಗೆ ಹಾಕಿದ ಚಿತ್ರವನ್ನು ಯಾರು ಬೇಕಾದರೂ ಬಳಸಬಹುದು, ಮಾರಾಟದ ಪುಸ್ತಕದಲ್ಲೂ ಅಚ್ಚು ಹಾಕಬಹುದು. ‘ವ್ಯಾಪಾರಕ್ಕೆ ಬಳಸಬಾರದು’ ಎಂಬ ಷರತ್ತಿನ ಚಿತ್ರವನ್ನು ಅಲ್ಲಿ ತೆಗೆದುಕೊಳ್ಳುವುದೇ ಇಲ್ಲ. ಹೆಚ್ಚಿನವರು ಆರಿಸಿಕೊಳ್ಳುವ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ ಕೇಳುವುದು ಇಷ್ಟೇ: ತೆಗೆದವರ ಹೆಸರು ಹಾಕಿ, ಲೈಸೆನ್ಸನ್ನು ತಿಳಿಸಿ, ನೀವು ಅದನ್ನು ಬದಲಿಸಿ ಬೇರೇನಾದರೂ ಮಾಡಿದರೆ ಅದನ್ನೂ ಇದೇ ಷರತ್ತಿನ ಮೇಲೆ ಹಂಚಿ. ಹೆಸರು ಹಾಕುವುದು ನಮಗೇನು ಹೊಸದೇ? ಸೋಮನಾಥಪುರದ ಕೇಶವ ದೇವಾಲಯ ಆದದ್ದು 1258ರ ಸುಮಾರಿಗೆ. ಅಲ್ಲಿಯ ವಿಗ್ರಹಗಳ ಪೀಠದಲ್ಲಿ ಮಲ್ಲಿತಮ್ಮ ತನ್ನ ಹೆಸರು ಕೊರೆದಿಟ್ಟಿದ್ದಾನೆ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇದ್ದಾರೆ. ಚೋಳರ ನಾಡಿನಲ್ಲೂ ಸಿಗದಷ್ಟು ಶಿಲ್ಪಿಗಳ ಸಹಿ ಹೊಯ್ಸಳರ ಗುಡಿಗಳಲ್ಲಿ ಸಿಗುತ್ತದೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಅಲ್ಲಿ ಕ್ಯಾಮೆರಾಗಳಿಗೆ ಲೆಕ್ಕವಿಲ್ಲ. ಆದರೆ ಕ್ಯಾಮೆರಾ ಹೋಗುವುದು ಮದನಿಕೆಯ ಮುಖಕ್ಕೆ. ಇನ್ನೊಂದು ಮೊಳ ಕೆಳಗೆ ಇಳಿಸಿ ಆ ಪೀಠದ ಅಕ್ಷರವನ್ನೂ ಒಂದು ಫೋಟೊ ತೆಗೆದು, ಶಿಲ್ಪಿಯ ಹೆಸರನ್ನು ಟ್ಯಾಗ್ ಮಾಡಿದರೆ, ಮಲ್ಲಿತಮ್ಮನ ಕೆಲಸವನ್ನೆಲ್ಲ ಒಂದೇ ಕಡೆ ಕೂಡಿಸಿ ನೋಡುವುದು ಯಾವ ಕಾಲೇಜು ಹುಡುಗಿಗಾದರೂ ಸಾಧ್ಯವಾಗುತ್ತದೆ.

ಅಂಥ ನಾಡಿನ ಪತ್ರಿಕೆಗಳಲ್ಲೇ ‘ಚಿತ್ರಕೃಪೆ: ಅಂತರ್ಜಾಲ’ ಎಂದು ಅಚ್ಚಾಗುವುದನ್ನು ನೋಡಿದಾಗ ನೋವಾಗುತ್ತದೆ. ಅಂತರ್ಜಾಲ ಫೋಟೊ ತೆಗೆಯುವುದಿಲ್ಲ. ಬೆಳಗಿನ ಜಾವ ಎದ್ದು, ಬಸ್ಸು ಹಿಡಿದು, ಬಿಸಿಲು ಏರುವ ಮೊದಲು ಗುಡಿಯ ಪೂರ್ವದ ಗೋಡೆಯ ಮುಂದೆ ನಿಂತವರೊಬ್ಬರು ಇದ್ದಾರೆ. ಅವರ ಹೆಸರು ಕಾಮನ್ಸಿನ ಚಿತ್ರದ ಪುಟದಲ್ಲೇ ಬರೆದಿದೆ, ನಕಲು ಮಾಡಿ ಅಂಟಿಸುವಷ್ಟೇ ಶ್ರಮ.

ಅಳಿಸುವ ಚರ್ಚೆಗಳ ಬಗ್ಗೆ ಜನರಿಗೆ ಅಷ್ಟು ಒಳ್ಳೆಯ ಅಭಿಪ್ರಾಯವಿಲ್ಲ. ನನಗಿದೆ. ಒಂದು ಚಿತ್ರ ಅಲ್ಲಿ ಇರಬಾರದು ಅಂತ ಯಾರಿಗಾದರೂ ಅನ್ನಿಸಿದರೆ ಕಾರಣ ಬರೆದು ಮುಂದಿಡುತ್ತಾರೆ. ಸಾಮಾನ್ಯವಾಗಿ ಏಳು ದಿನ ಚರ್ಚೆಗೆ ಬಿಡುತ್ತಾರೆ. ಯಾರು ಬೇಕಾದರೂ ಮಾತಾಡಬಹುದು. ಆಮೇಲೆ ಒಬ್ಬ ನಿರ್ವಾಹಕರು ತೀರ್ಮಾನಿಸುತ್ತಾರೆ. ಹೊಸಬರಿಗೆ ಅದು ಒರಟು ಅನ್ನಿಸಬಹುದು, ನಿಜ. ಆದರೆ ಅಲ್ಲಿ ನಡೆಯುವ ಪರೀಕ್ಷೆಯ ಸೂಕ್ಷ್ಮ ನೋಡಬೇಕು. ಕ್ಯಾಮೆರಾದಿಂದ ನೇರ ಬಂದ ಫೋಟೊದ ಒಳಗೆ ಕ್ಯಾಮೆರಾ ಯಾವುದು, ಯಾವ ದಿನ, ಎಷ್ಟು ಹೊತ್ತಿಗೆ ಎಂಬ ಮಾಹಿತಿ ಅಡಗಿರುತ್ತದೆ. ವಾಟ್ಸಾಪಿನಲ್ಲಿ ಹಾದುಬಂದರೆ ಅದು ಕಳಚಿಹೋಗಿ ಚಿತ್ರವೂ ಕುಗ್ಗಿರುತ್ತದೆ. ಫೇಸ್‌ಬುಕ್ಕಿನಿಂದ ಇಳಿಸಿಕೊಂಡದ್ದಾದರೆ ಒಳಗೆ ಎಫ್‌ಬಿಎಂಡಿ ಎಂದು ಶುರುವಾಗುವ ಗುರುತು ಕೂತಿರುತ್ತದೆ. ‘ಸ್ವಂತ ಚಿತ್ರ’ ಎಂದು ಏರಿಸಿದ ನಟನ ಫೋಟೊದಲ್ಲಿ ಈ ಗುರುತು ಕಂಡರೆ, ಇದು ನಿಜಕ್ಕೂ ನಿಮ್ಮದೇ ಎಂದು ಕೇಳುತ್ತಾರೆ. ಕೇಳಲೇಬೇಕು. ಇನ್ನೊಬ್ಬರ ಕೂಲಿಯನ್ನು ಅವರಿಗೆ ಗೊತ್ತಿಲ್ಲದೆ ದಾನ ಮಾಡುವ ಹಕ್ಕು ಯಾರಿಗೂ ಇಲ್ಲ.

ಈ ಚರ್ಚೆಗಳನ್ನು ಓದುತ್ತ ಕೂತರೆ ಕಾನೂನು ತಾನಾಗಿ ತಲೆಗೆ ಹತ್ತುತ್ತದೆ. ಬೆಂಗಳೂರು ವಿಮಾನ ನಿಲ್ದಾಣದ ಹತ್ತಿರ 2022ರಲ್ಲಿ ಅನಾವರಣಗೊಂಡ 108 ಅಡಿಯ ಕೆಂಪೇಗೌಡರ ಪ್ರತಿಮೆ ರಾಮ್ ಸುತಾರ್ ಅವರ ಕೃತಿ. ಅದರ ಚಿತ್ರ ಏರಿಸಬಹುದೇ? ಏರಿಸಬಹುದು, ಸಾರ್ವಜನಿಕ ಸ್ಥಳದಲ್ಲಿ ಕಾಯಂ ಆಗಿ ನಿಂತ ಶಿಲ್ಪವನ್ನು, ಹಾಗೆಯೇ ಕಟ್ಟಡವನ್ನು ಚಿತ್ರಿಸಲು ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆ ಅನುಮತಿ ಕೊಡುತ್ತದೆ. ಅದೇ ರಸ್ತೆಯ ಗೋಡೆಯ ಮೇಲೆ ಈಗಿನ ಕಲಾವಿದರೊಬ್ಬರು ಬರೆದ ದೊಡ್ಡ ಬಣ್ಣದ ಚಿತ್ರಕ್ಕೆ ಆ ಅನುಮತಿ ಇಲ್ಲ. ಗೋಡೆ ಬೀದಿಯಲ್ಲೇ ಇದ್ದರೂ ಇಲ್ಲ. ಭಾರತದಲ್ಲಿ ವರ್ಣಚಿತ್ರದ ಹಕ್ಕು ಕಲಾವಿದ ತೀರಿಕೊಂಡ ಮೇಲೆ 60 ವರ್ಷ ಇರುತ್ತದೆ. ರಾಜಾ ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಅವರ ಸರಸ್ವತಿ, ಲಕ್ಷ್ಮಿಯರು ಎಲ್ಲರ ಸ್ವತ್ತು. ಕಲಬುರಗಿಯ ಎಸ್. ಎಂ. ಪಂಡಿತರು ಹೋದದ್ದು 1993ರಲ್ಲಿ. ಅಜ್ಜಿಯ ಕಾಲದ ಕ್ಯಾಲೆಂಡರಿನಲ್ಲಿ ಎಷ್ಟೇ ಕಂಡಿದ್ದರೂ ಅವರ ಚಿತ್ರಗಳು 2053 ಮುಗಿಯುವ ತನಕ ಕಾಯಬೇಕು. ನಮ್ಮ ಕೆ. ವೆಂಕಟಪ್ಪನವರು 1965ರಲ್ಲಿ ತೀರಿಕೊಂಡರು. ಹಾಗಾಗಿ ಭಾರತದ ಲೆಕ್ಕದಲ್ಲಿ 2026ರ ಜನವರಿ 1ರಿಂದ ಅವರ ಊಟಿಯ ಜಲವರ್ಣಗಳು ಮುಕ್ತ. ಇದು ನನ್ನಂಥವರಿಗೆ ಹಬ್ಬದ ಸುದ್ದಿ. ಕಾಮನ್ಸಿನ ಸರ್ವರ್ ಇರುವುದು ಅಮೆರಿಕದಲ್ಲಿ ಆದ್ದರಿಂದ ಅಲ್ಲಿನ ಕಾನೂನನ್ನೂ ಪಾಲಿಸಬೇಕು, ಅಲ್ಲಿ ಮೊದಲು ಪ್ರಕಟವಾದ ವರ್ಷದ ಮೇಲೆ ಬೇರೆಯದೇ ಎಣಿಕೆ. ಆ ಮಾತು ಒಂದೊಂದು ಚಿತ್ರಕ್ಕೂ ಬಿಡಿಬಿಡಿಯಾಗಿ ನೋಡಬೇಕಾದದ್ದು.

ಕಾನೂನಿನ ಮಾತಿಗೆ ಬಂದಾಗ ಇಂಡೊನೇಷ್ಯದ ಮಂಗನನ್ನು ಬಿಡುವ ಹಾಗಿಲ್ಲ. 2011ರಲ್ಲಿ ಸುದ್ದಿಯಾಯಿತು: ಸುಲಾವೆಸಿ ದ್ವೀಪದ ಕಾಡಿನಲ್ಲಿ ಬ್ರಿಟನ್ನಿನ ಛಾಯಾಗ್ರಾಹಕರೊಬ್ಬರ ಕ್ಯಾಮೆರಾದಲ್ಲಿ ಕಪ್ಪು ಮಂಗವೊಂದು ಹಲ್ಲುಕಿರಿದು ತನ್ನ ಫೋಟೊವನ್ನು ತಾನೇ ತೆಗೆದುಕೊಂಡಿತ್ತು. ಯಾರೋ ಅದನ್ನು ಕಾಮನ್ಸಿಗೆ ಹಾಕಿದರು. ಛಾಯಾಗ್ರಾಹಕರು ತೆಗೆಯಿರಿ ಎಂದರು. ಗುಂಡಿ ಒತ್ತಿದ್ದು ಮನುಷ್ಯನಲ್ಲ, ಆದ್ದರಿಂದ ಹಕ್ಕು ಯಾರದೂ ಅಲ್ಲ ಎಂದು ಕಾಮನ್ಸಿನ ಕಡೆಯವರು ಹೇಳಿದರು. ಪ್ರಾಣಿಗಳ ಕೃತಿಯನ್ನು ನೋಂದಾಯಿಸುವುದಿಲ್ಲ ಎಂದು ಅಮೆರಿಕದ ಕಾಪಿರೈಟ್ ಕಚೇರಿ 2014ರಲ್ಲಿ ಬರೆಯಿತು. ಮರುವರ್ಷ ಪ್ರಾಣಿದಯಾ ಸಂಘಟನೆಯೊಂದು ಮಂಗನ ಪರವಾಗಿಯೇ ಮೊಕದ್ದಮೆ ಹೂಡಿ, 2018ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿ ಸೋತಿತು. ತೀರ್ಪು ಏನೇ ಇರಲಿ, ಆ ಕಾಡಿಗೆ ಹೋಗಿ ದಿನಗಟ್ಟಲೆ ಮಂಗಗಳ ಸ್ನೇಹ ಸಂಪಾದಿಸಿದ ಮನುಷ್ಯನ ಶ್ರಮದ ಬಗ್ಗೆ ನನಗೆ ಮರುಕವಿದೆ.

ಜಾಗದ ಗುರುತು ಕೊಡುವುದು ಇನ್ನೊಂದು ಯೋಚನೆಯ ವಿಷಯ. ಹೊಲದ ಬದುವಿನಲ್ಲಿ ನಿಂತ ವೀರಗಲ್ಲಿಗೆ ಅಕ್ಷಾಂಶ ರೇಖಾಂಶ ಬರೆದಿಟ್ಟರೆ ನಾಳೆ ರಸ್ತೆ ಅಗಲ ಮಾಡುವಾಗ ಇಲ್ಲೊಂದು ಕಲ್ಲಿತ್ತು ಎಂದು ಕೇಳಲು ದಾಖಲೆಯಾಗುತ್ತದೆ. ಆದರೆ ನಿಧಿಯ ಆಸೆಗೆ ಗುಡಿ ಅಗೆಯುವವರೂ ನಮ್ಮಲ್ಲಿದ್ದಾರೆ. ಭಾರದ ಕಲ್ಲಿಗೆ ಬರೆಯಿರಿ, ಕಾವಲಿಲ್ಲದ ಗುಡಿಯೊಳಗಿನ ಸಣ್ಣ ವಿಗ್ರಹಕ್ಕೆ ತಾಲ್ಲೂಕು ಹೇಳಿ ನಿಲ್ಲಿಸಿ ಎನ್ನುವುದು ನನ್ನ ಅಭಿಪ್ರಾಯ. ಚಿತ್ರದಲ್ಲಿ ಮುಖ ಕಾಣುವ ಜನರಿದ್ದರೆ ಮೊದಲು ಅವರನ್ನು ಕೇಳಿ. ‘ಅಕ್ಕಾ, ಇದನ್ನು ಊರೆಲ್ಲ ನೋಡೋ ಕಡೆ ಹಾಕ್ತೀನಿ, ಆಗಬಹುದಾ’ ಅಂದರೆ ಆಕೆ ಸೆರಗು ಸರಿಮಾಡಿಕೊಂಡು ಹೂಂ ಅನ್ನಬಹುದು, ಬೇಡ ಮಾರಾಯ ಅನ್ನಬಹುದು. ಬೇಡ ಅಂದರೆ ಕೈ ಮತ್ತು ಕತ್ತಿ ಇಷ್ಟೇ ಸಾಕು.

ವರ್ಗಗಳ ಹೆಸರು ಅಲ್ಲಿ ಬಹುಪಾಲು ಇಂಗ್ಲಿಷಿನಲ್ಲಿ ಇರುತ್ತದೆ. ಆದರೆ 2019ರಿಂದ ಈಚೆಗೆ ಪ್ರತಿ ಚಿತ್ರಕ್ಕೂ ಕನ್ನಡದಲ್ಲೇ ಒಂದು ಚಿಕ್ಕ ಶೀರ್ಷಿಕೆ ಬರೆಯಬಹುದು. ಚಿತ್ರದಲ್ಲಿ ಏನಿದೆ ಎಂಬ ಟ್ಯಾಗನ್ನು ವಿಕಿಪೀಡಿಯದ ಬಳಗದ್ದೇ ಆದ ಮಾಹಿತಿಕೋಶ ವಿಕಿಡೇಟಾದ ನಮೂದಿಗೆ ಜೋಡಿಸಬಹುದು. ಆ ನಮೂದಿಗೆ ಯಾರಾದರೂ ಒಮ್ಮೆ ಕನ್ನಡದ ಹೆಸರು ಸೇರಿಸಿದರೆ, ಕನ್ನಡದಲ್ಲಿ ಪುಟ ತೆರೆದವರಿಗೆ ಆ ಟ್ಯಾಗ್ ಇರುವ ಚಿತ್ರಗಳಲ್ಲೆಲ್ಲ ಕನ್ನಡದ ಹೆಸರೇ ಕಾಣುತ್ತದೆ. ಒಂದು ಚಿತ್ರವನ್ನೂ ಏರಿಸದೆ, ಕ್ಯಾಮೆರಾ ಮುಟ್ಟದೆ, ಬರೀ ಇಂಥ ಹೆಸರು ಸೇರಿಸುತ್ತ ಕೂತವರ ಕೆಲಸ ಏರಿಸಿದವರ ಕೆಲಸಕ್ಕಿಂತ ಒಂದು ಕೈ ಮೇಲೆಂದೇ ನಾನು ಹೇಳುತ್ತೇನೆ. ನಿವೃತ್ತ ಮೇಷ್ಟ್ರುಗಳು, ತೋಟದ ಕೆಲಸ ಬಲ್ಲವರು, ಹಕ್ಕಿಯ ಹೆಸರು ನಾಲ್ಕು ಸೀಮೆಯಲ್ಲಿ ನಾಲ್ಕು ಥರ ಗೊತ್ತಿರುವವರು ದಯವಿಟ್ಟು ಇತ್ತ ಬರಬೇಕು.

ಬಂದವರಿಗೆ ಮೊದಲ ಕೆಲಸವನ್ನೂ ಹೇಳಿಬಿಡುತ್ತೇನೆ: ಊರಿನ ಹೆಸರು. ‘ಹೊಸಹಳ್ಳಿಯ ಗುಡಿ’ ಎಂದಷ್ಟೇ ಬರೆದರೆ ಯಾರಿಗೂ ಗುಡಿ ಸಿಗುವುದಿಲ್ಲ, ಏಕೆಂದರೆ ಹೊಸಹಳ್ಳಿಯಿಲ್ಲದ ತಾಲ್ಲೂಕು ಹುಡುಕುವುದೇ ಕಷ್ಟ. ಶಿವಮೊಗ್ಗದ ಹತ್ತಿರ ಮತ್ತೂರಿಗೆ ಎದುರಾಗಿ ತುಂಗೆಯ ಆಚೆ ದಡದಲ್ಲಿರುವ, ಗಮಕಕ್ಕೆ ಹೆಸರಾದ ಹೊಸಹಳ್ಳಿಯೋ, ಮಂಡ್ಯದ ಕಡೆಯದೋ, ಕೋಲಾರದ ಕಡೆಯದೋ? ತಾಲ್ಲೂಕು ಬರೆಯಿರಿ, ಜಿಲ್ಲೆ ಬರೆಯಿರಿ, ಗುಡಿ ಕೆರೆ ಏರಿಯ ಮೇಲಿದ್ದರೆ ಕೆರೆಯ ಹೆಸರನ್ನೂ ಬರೆಯಿರಿ. ಊರು ಯಾವುದೆಂದು ಗೊತ್ತಾಗದೆ ಕಾದಿರುವ ಚಿತ್ರಗಳೇ ಅಲ್ಲಿ ರಾಶಿ ಇವೆ. ನಿಮ್ಮ ಸೀಮೆಯದನ್ನು ನೀವು ನೋಡಿದ ಕೂಡಲೇ ಗುರುತಿಸುತ್ತೀರಿ.