ಖಾರಾ ಬಿಸ್ಕತ್ತು, ಅರಸೀಕೆರೆ ಟಿಕೆಟ್ಟು

ಪುಣೆಗೆ ಬಂದ ಹೊಸತರಲ್ಲಿ ಒಂದು ಸಂಜೆ ಬೇಕರಿಗೆ ಹೋಗಿ ಖಾರಾ ಬಿಸ್ಕತ್ತು ಕೇಳಿದ್ದೆ. ಅಂಗಡಿಯವರು ಗೊತ್ತಾಯಿತು ಎನ್ನುವಂತೆ ತಲೆಯಾಡಿಸಿ, ಪದರು ಪದರಾಗಿ ಉಬ್ಬಿದ, ಮುಟ್ಟಿದರೆ ಪುಡಿಯಾಗುವ ಖಾರಿ ಕಟ್ಟಿಕೊಟ್ಟರು. ಚಹಾದಲ್ಲಿ ಅದ್ದಿ ತಿನ್ನಲು ಅದೂ ಚೆನ್ನಾಗಿಯೇ ಇರುತ್ತದೆ, ಆದರೆ ಖಾರ ಮಾತ್ರ ಹುಡುಕಿದರೂ ಇಲ್ಲ. ಇಲ್ಲಿ ಖಾರಿ ಅಂದರೆ ಉಪ್ಪಿನದು ಎಂದು ತಿಳಿಯಲು ನನಗೆ ಸ್ವಲ್ಪ ದಿನ ಬೇಕಾಯಿತು. ಹಸಿಮೆಣಸಿನಕಾಯಿ, ಕರಿಬೇವು ಹಲ್ಲಿಗೆ ಸಿಗುವ ನಮ್ಮ ಅಯ್ಯಂಗಾರ್ ಬೇಕರಿಯ ಬಿಸ್ಕತ್ತೇ ಬೇರೆ. ಅದು ಬೇಕೆಂದರೆ ಊರಿಂದ ಬರುವವರು ತರಬೇಕು, ಇಲ್ಲವೇ ನಾವೇ ಮಾಡಿಕೊಳ್ಳಬೇಕು.

ಕಳೆದ ಶನಿವಾರ ಮಾಡಿಕೊಂಡೆವು. ಯಜಮಾನರಿಗೆ ರಜೆ, ಮಗನಿಗೆ ಶಾಲೆಯಿಲ್ಲ, ಹೊರಗೆ ಜಿಟಿಜಿಟಿ ಮಳೆ. ನಿಜ ಹೇಳಬೇಕೆಂದರೆ ಈ ಏರ್ಪಾಡೆಲ್ಲ ಅಪ್ಪನಿಗಾಗಿ. ಅಮ್ಮ ತೀರಿಕೊಂಡ ಮೇಲೆ ಹಾಸನದ ಮನೆಗೆ ಬೀಗ ಹಾಕಿ ಅಪ್ಪನನ್ನು ಕರೆದುಕೊಂಡು ಬಂದು ಎರಡು ತಿಂಗಳಾಗಿತ್ತು. ಬಾಲ್ಕನಿಯ ಕುರ್ಚಿ, ಊಟ, ಟಿವಿ, ನಿದ್ದೆ. ಎರಡು ದಿನಕ್ಕೊಮ್ಮೆ "ಟಿಕೆಟ್ ನೋಡಿದೆಯೇನಮ್ಮ?" ಎಂಬ ಪ್ರಶ್ನೆ. "ನೋಡ್ತೀನಪ್ಪ" ಎಂದು ಜಾರಿಕೊಳ್ಳುತ್ತಿದ್ದೆ. ನೋಡಿರಲೇ ಇಲ್ಲ.

250 ಗ್ರಾಂ ಮೈದಾ, 100 ಗ್ರಾಂ ಬೆಣ್ಣೆ, ಎರಡು ಚಮಚ ಸಕ್ಕರೆ ಪುಡಿ, ಉಪ್ಪು, ಅರ್ಧ ಚಮಚ ಬೇಕಿಂಗ್ ಪೌಡರ್. ಮೆಣಸಿನಕಾಯಿ ನಾಲ್ಕು ಎಂದು ನಾನು, ಎರಡೇ ಸಾಕು ಎಂದು ಮಗ. ಅಪ್ಪನ ಮುಂದೆ ಮಣೆ, ಚಾಕು, ತೊಳೆದ ಕರಿಬೇವು, ಕೊತ್ತಂಬರಿ ಇಟ್ಟೆ. ಅಮ್ಮ ಇರುವಷ್ಟು ಕಾಲ ಒಂದು ಲೋಟ ತೊಳೆದವರಲ್ಲ. ಕನ್ನಡಕ ಏರಿಸಿಕೊಂಡು, ಪರೀಕ್ಷೆಯ ಪೇಪರು ತಿದ್ದುವ ಮೇಷ್ಟರ ಗಾಂಭೀರ್ಯದಲ್ಲಿ ಸೊಪ್ಪು ಹೆಚ್ಚಲು ಕುಳಿತರು.

ಬೆಣ್ಣೆಯನ್ನು ಮೈದಾ ಜೊತೆ ಬೆರಳ ತುದಿಯಲ್ಲಿ ಉದುರುದುರಾಗಿ ಉಜ್ಜುವ ಕೆಲಸ ಮಗನದು. ಮೊಸರು ಹಾಕಿದ ಮೇಲೆ ಹಿಟ್ಟು ಒಂದುಗೂಡಿದರೆ ಸಾಕು, ಹೆಚ್ಚು ನಾದಿದರೆ ಜಿಗುಟು ಬಂದು ಬಿಸ್ಕತ್ತು ಗಟ್ಟಿಯಾಗುತ್ತದೆ. ಎಷ್ಟು ಹೇಳಿದರೂ ಅವನು ಚಪಾತಿ ಹಿಟ್ಟಿನಂತೆ ಗುದ್ದಿದ. ಮೊದಲ ಟ್ರೇ ಹೊರಬಂದಾಗ ಅಂಚು ಕೆಂಪು, ನಡುವೆ ಮೆತ್ತಗೆ, ಅಗಿದರೆ ರಬ್ಬರು. ಯಜಮಾನರು ಮಾತಿಲ್ಲದೆ ನಾಲ್ಕು ತಿಂದರು, ಪಾಪ.

"ಸೊಪ್ಪಿನ ನೀರು ಆರಿಸಲಿಲ್ಲ ನೀನು" ಎಂದರು ಅಪ್ಪ.

ಎರಡನೇ ಸಲ ಸೊಪ್ಪು, ಮೆಣಸಿನಕಾಯಿಯನ್ನೆಲ್ಲ ಬಟ್ಟೆಯ ಮೇಲೆ ಹರಡಿ, ಫ್ಯಾನಿನಡಿ ಒಣಗಿಸಿ ಹೆಚ್ಚಿದ್ದಾಯಿತು. 180 ಡಿಗ್ರಿಯಲ್ಲಿ ಇಪ್ಪತ್ತು ನಿಮಿಷ ಬೇಯಿಸಿ ತೆಗೆಯಲು ಹೋದರೆ ಅಪ್ಪ ಬಿಡಲಿಲ್ಲ. "ಆಫ್ ಮಾಡಿ ಒಳಗೇ ಬಿಡು. ನಮ್ಮ ಬೀದಿ ಬೇಕರಿಯವರು ಬ್ರೆಡ್ ತೆಗೆದ ಮೇಲೆ, ಭಟ್ಟಿ ಆರ್ತಾ ಇರುವಾಗ ಬಿಸ್ಕತ್ತು ಇನ್ನೊಂದು ಸಲ ಇಡ್ತಾರೆ. ಆವಾಗಲೇ ಗರಿಗರಿ ಬರೋದು."

ಇದೆಲ್ಲ ಇವರಿಗೆ ಹೇಗೆ ಗೊತ್ತು? ಬೆಳಗಿನ ವಾಕಿಂಗಿನಲ್ಲಿ ದಿನಾ ಬೇಕರಿ ಬಾಗಿಲಲ್ಲಿ ಹತ್ತು ನಿಮಿಷ ನಿಲ್ಲುತ್ತಿದ್ದರಂತೆ. ಅಲ್ಲಿಂದ ಪೇಪರಿನವನು, ಹಾಲಿನವನು, ಎದುರು ಮನೆಯ ರಿಟೈರ್ಡ್ ಪೋಸ್ಟ್‌ಮಾಸ್ಟರು. ಎರಡು ತಿಂಗಳಲ್ಲಿ ಆಡದಷ್ಟು ಮಾತು ಆ ಓವನ್ನಿನ ಮುಂದೆ ಕುಳಿತು ಆಡಿದರು. ಆಮೇಲೆ ದನಿ ತಗ್ಗಿಸಿ, "ನೀವೆಲ್ಲ ಚೆನ್ನಾಗಿ ನೋಡ್ಕೊಳ್ತೀರಿ. ಆದ್ರೆ ಇಲ್ಲಿ ನಂಗೆ ಕೆಲಸ ಇಲ್ಲ ಕಣಮ್ಮ. ಅಲ್ಲಿ ಬೆಳಗ್ಗೆ ಎದ್ದು ಬಾಗಿಲು ತೆಗೆಯೋದೂ ಒಂದು ಕೆಲಸ. ನಿಮ್ಮಮ್ಮನ ದಾಸವಾಳಕ್ಕೆ ಈಗ ಯಾರು ನೀರು ಹಾಕ್ತಾರೋ" ಅಂದರು.

ಬಿಪಿ ಮಾತ್ರೆ, ಒಂಟಿತನ, ಹೋದ ವರ್ಷ ಬಚ್ಚಲಲ್ಲಿ ಜಾರಿದ್ದು, ಹೀಗೆ ವಾದದ ಪಟ್ಟಿಯೇ ನನ್ನ ಬಳಿ ಸಿದ್ಧವಿತ್ತು. ಬಾಯಿಗೆ ಬರಲಿಲ್ಲ. ಅಪ್ಪ ಪಕ್ಕದ ಕೋಣೆಯಲ್ಲಿದ್ದರೆ ನಡುರಾತ್ರಿ ಫೋನ್ ಸದ್ದಾದರೂ ನನ್ನ ಎದೆ ಹೊಡೆದುಕೊಳ್ಳುವುದಿಲ್ಲ. ಅವರನ್ನು ಕರೆತಂದದ್ದು ಅವರಿಗಾಗಿಯೋ, ನನ್ನ ನಿದ್ದೆಗಾಗಿಯೋ?

ಬಿಸ್ಕತ್ತು ಮುರಿದರೆ ಟಕ್ ಎಂದಿತು. ಮಳೆ ನೋಡುತ್ತಾ, ಕಾಫಿ ಜೊತೆ, ಡಬ್ಬಿಗೆ ಹಾಕುವ ಮೊದಲೇ ಅರ್ಧ ಖಾಲಿ. ಎರಡೇ ಮೆಣಸಿನಕಾಯಿ ಎಂದವನೇ ಹೆಚ್ಚು ತಿಂದ.

ಭಾನುವಾರ ಬೆಳಿಗ್ಗೆ ಅರಸೀಕೆರೆಗೆ ಟಿಕೆಟ್ ಮಾಡಿಸಿದೆ, ಎರಡು. ನಾನೂ ಹೋಗಿ ನಾಲ್ಕು ದಿನ ಇದ್ದು, ಬಚ್ಚಲಿಗೆ ಹಿಡಿಕೆ ಹಾಕಿಸಿ ಬರುತ್ತೇನೆ ಎಂಬುದು ನನ್ನ ಷರತ್ತು. ಅಪ್ಪ ಒಪ್ಪಿ, ತಮ್ಮದೂ ಒಂದು ಷರತ್ತು ಹಾಕಿದರು. ಹೊರಡುವ ಹಿಂದಿನ ದಿನ ಇನ್ನೊಮ್ಮೆ ಬಿಸ್ಕತ್ತು ಮಾಡಬೇಕು, ಅರ್ಧ ಕೆಜಿಯಾದರೂ. ಬೇಕರಿಯವರಿಗೆ ರುಚಿ ತೋರಿಸಬೇಕಂತೆ.

"ತಾತ, ಫಸ್ಟ್ ಟ್ರೇ ವಿಷ್ಯ ಮಾತ್ರ ಅವ್ರಿಗೆ ಹೇಳ್ಬೇಡ" ಅಂದ ಮಗ.