ಎಂತ ಅಂದರೆ ಎಷ್ಟು?

ಬಾಪ ಮಡಕಶಿರಾದಲ್ಲಿ ಅಂಗಡಿ ಹಾಕಿದ ಹೊಸತರಲ್ಲಿ ಉಮ್ಮ ಒಂದು ಮಾತಿಗೆ ಬಹಳ ಪೇಚಾಡಿದ್ದರಂತೆ. ಗಿರಾಕಿ ಬೆಲ್ಲದ ಅಚ್ಚು ತೋರಿಸಿ ತೆಲುಗಿನಲ್ಲಿ "ಎಂತ?" ಅಂದರೆ, ಉಮ್ಮ "ಬೆಲ್ಲ" ಅನ್ನುವುದು. ನಮ್ಮ ಮಂಗಳೂರು ಕಡೆಯ ಕನ್ನಡದಲ್ಲಿ ಎಂತ ಅಂದರೆ ಏನು, ತೆಲುಗಿನಲ್ಲಿ ಎಷ್ಟು. ಮಾತು ಒಂದೇ, ಕೇಳುವವನು ಯಾವ ಭಾಷೆ ಅಂದುಕೊಂಡಿದ್ದಾನೋ ಅದರ ಮೇಲೆ ಅರ್ಥ. ಮನೆಯಲ್ಲಿ ಈಗಲೂ ಇದನ್ನು ಹೇಳಿ ನಗುತ್ತೇವೆ. ಆದರೆ ಎರಡು ವರ್ಷದ ಹಿಂದೆ ಇದೇ ತಪ್ಪನ್ನು ನಾನು ಕಂಪ್ಯೂಟರಿನಲ್ಲಿ ಮಾಡಿದೆ. ಆಗ ಯಾರೂ ನಗಲಿಲ್ಲ.

ನಾನು ಓದಿದ್ದು ಮೆಕ್ಯಾನಿಕಲ್ ಡಿಪ್ಲೊಮಾ. ಆಗ ಕಲಿತ ಅಷ್ಟಿಷ್ಟು ಸಿ ಭಾಷೆಯಲ್ಲಿ ಬಾಪನಿಗೆ ಒಂದು ಲೆಕ್ಕದ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಹುಣಸೆ ಮೂಟೆಯ ತೂಕದಲ್ಲಿ ಚೀಲದ ತೂಕ ಕಳೆದು, ದರ ಹಾಕಿ, ರೈತನಿಗೆ ಕೊಡಬೇಕಾದ ಹಣ ಹೇಳುತ್ತದೆ. ಹತ್ತು ವರ್ಷ ಒಂದು ಪೈಸೆ ತಪ್ಪಲಿಲ್ಲ. ಆಮೇಲೆ ರಾಯದುರ್ಗದಲ್ಲಿರುವ ಮಾವನೂ ತನ್ನ ಅಂಗಡಿಗೆ ಅದನ್ನು ಕೇಳಿದರು. ರಾಯದುರ್ಗ 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದ ಊರು, ಈಗಲೂ ಅಲ್ಲಿ ಕನ್ನಡ ತೆಲುಗು ಎರಡೂ ನಡೆಯುತ್ತವೆ. ಬಿಲ್ಲು ಎರಡು ಭಾಷೆಯಲ್ಲೂ ಬರಬೇಕು ಅಂದರು.

ಅದಕ್ಕೆ ಪೈಥಾನ್ ಸುಲಭ. ಆದರೆ ನಂಬಿಕೆ ಗಳಿಸಿದ ಲೆಕ್ಕವನ್ನು ಮತ್ತೆ ಬರೆಯುವುದು ಬೇಡ ಅನ್ನಿಸಿತು. ಸಿ ಕೋಡನ್ನು ಜಿಸಿಸಿಯಲ್ಲಿ ಶೇರ್ಡ್ ಲೈಬ್ರರಿಯಾಗಿ ಮಾಡಿಕೊಂಡು, ಪೈಥಾನಿನ ಸಿಟೈಪ್ಸ್ ಮೂಲಕ ಕರೆದರೆ ಆಯಿತು. ಸಿಟೈಪ್ಸ್ 2006ರಿಂದ ಪೈಥಾನ್ ಜೊತೆಗೇ ಬರುತ್ತದೆ, ಬೇರೆ ಏನೂ ಹಾಕಿಕೊಳ್ಳಬೇಕಾಗಿಲ್ಲ. ಅದು ನಡುವೆ ನಿಂತ ದುಭಾಷಿ. ಆದರೆ ಆಚೆ ಕಡೆಯವನ ಭಾಷೆ ಯಾವುದು ಅಂತ ದುಭಾಷಿಗೆ ನಾವೇ ಹೇಳಬೇಕು.

ನಾನು ಹೇಳಲಿಲ್ಲ. 42.8 ಕಿಲೋ ಕಳಿಸಿದರೆ, ದಶಮಾಂಶದ ಸಂಖ್ಯೆಯನ್ನು ಹೇಗೆ ದಾಟಿಸಲಿ ಅಂತ ಅದು ತಕರಾರು ತೆಗೆಯಿತು. ಬಾಯಿ ಮುಚ್ಚಿಸಲು ತೂಕಕ್ಕೆ 'ಇಂಟ್' ಸುತ್ತಿದೆ, ಅಂದರೆ ಪೂರ್ಣ ಸಂಖ್ಯೆ ಮಾಡಿದೆ. ಈಗ ಉತ್ತರ ಬಂತು, ಆದರೆ ತಲೆಬುಡವಿಲ್ಲದ ಅಂಕಿ. ಸಿ ಕೊಟ್ಟದ್ದು 'ಡಬಲ್' ಜಾತಿಯ ಸಂಖ್ಯೆ. ಬೇರೆ ಹೇಳದಿದ್ದರೆ ಬರುವ ಉತ್ತರವೂ ಪೂರ್ಣ ಸಂಖ್ಯೆ ಅಂತಲೇ ಸಿಟೈಪ್ಸ್ ಎಣಿಸುತ್ತದೆ. ಉಮ್ಮನ ಎಂತ! ರಾತ್ರಿಯೆಲ್ಲ ಓದಿ 'ಆರ್ಗ್‌ಟೈಪ್ಸ್', 'ರೆಸ್‌ಟೈಪ್' ಎರಡಕ್ಕೂ ಡಬಲ್ ಅಂತ ಬರೆದೆ. ಹತ್ತು ಕಿಲೋ ಬಟ್ಟು ಇಟ್ಟೆ, ಸರಿ. ಇಪ್ಪತ್ತು ಇಟ್ಟೆ, ಸರಿ. ಮಾವನ ಅಂಗಡಿಗೂ ಬಾಪನ ಅಂಗಡಿಗೂ ಹಾಕಿಕೊಟ್ಟೆ.

ನಾಲ್ಕನೇ ದಿನ ಮಡಕಶಿರಾದ ಅಂಗಡಿಯಲ್ಲಿ ಒಬ್ಬ ಅಜ್ಜಿ ಬಿಲ್ಲು ಹಿಡಿದು ನಿಂತರು. ಓದಲು ಬಾರದು, ಅಂಕಿ ಬರುತ್ತದೆ. "ಕಾಟಾದಲ್ಲಿ 42ರ ಮುಂದೆ 8 ಇತ್ತಲ್ಲ, ಇಲ್ಲಿ ಎಲ್ಲಿ ಹೋಯಿತು?" ಅಂದರು.

ಸುತ್ತಿದ ಇಂಟ್ ತೆಗೆಯಲು ಮರೆತಿದ್ದೆ. 42.8 ಅಂದದ್ದು 42 ಆಗಿ ದಾಟುತ್ತಿತ್ತು. ನನ್ನ ಬಟ್ಟುಗಳೆಲ್ಲ ಪೂರ್ಣ ಕಿಲೋದವು, ಹಾಗಾಗಿ ಪರೀಕ್ಷೆಯಲ್ಲಿ ಸಿಕ್ಕಿಬೀಳಲಿಲ್ಲ. ಕಿಲೋಗೆ ನೂರು ರೂಪಾಯಿಯಂತೆ ಅಜ್ಜಿಗೆ 80 ರೂಪಾಯಿ ಕಡಿಮೆ ಹೋಗಿತ್ತು.

ಬಾಪ ಬೈಯಲಿಲ್ಲ. ಅಜ್ಜಿಯ ದುಡ್ಡು ಕೊಟ್ಟು, ನಾಲ್ಕು ದಿನದ ಬಿಲ್ಲಿನ ಪುಸ್ತಕ ನನ್ನ ಮುಂದಿಟ್ಟರು. "ತೂಕದ ಬಾಕಿ ನನ್ನ ತಲೆ ಮೇಲೆ ಇಡಬೇಡ" ಅಂದರು, ಅಷ್ಟೇ. ಎರಡು ವಾರ ಬೈಕಿನಲ್ಲಿ ಹಳ್ಳಿ ಹಳ್ಳಿ ತಿರುಗಿದೆ. ರಾಯದುರ್ಗದಲ್ಲಿ ಮಾವ ತಮ್ಮ ಕಡೆಯವರಿಗೆ ಹಂಚಿದರು. ಕೆಲವರು ಚಹಾ ಕೊಟ್ಟರು. ಒಬ್ಬರು "ಗೊತ್ತಿತ್ತು, ಕೇಳಲು ನಾಚಿಕೆ ಆಯಿತು" ಅಂದರು. ಅದು ಇನ್ನೂ ಚುಚ್ಚುತ್ತದೆ.

ಎರಡು ಭಾಷೆ ಸೇರುವ ಗಡಿಯಲ್ಲಿ ದೊಡ್ಡ ತಪ್ಪು ಬೇಗ ಕಾಣುತ್ತದೆ. ಸರಿ ಅನ್ನಿಸುವ ಸಣ್ಣ ತಪ್ಪು ಯಾರದೋ ಜೇಬಿನಿಂದ ಸದ್ದಿಲ್ಲದೆ ಹೋಗುತ್ತಿರುತ್ತದೆ. ತಕರಾರು ಬಂದಾಗ ಬಾಯಿ ಮುಚ್ಚಿಸಬೇಡಿ, ಏನು ಕೇಳುತ್ತಿದೆ ನೋಡಿ. ಈಗ ಪ್ರೋಗ್ರಾಂ ಬದಲಿಸಿದಾಗಲೆಲ್ಲ ಹತ್ತು ಕಿಲೋ ಬಟ್ಟಿನ ಮೇಲೆ ಇನ್ನೂರು ಗ್ರಾಮಿನ ಬಟ್ಟು ಇಟ್ಟು ನೋಡುತ್ತೇನೆ. ಆ ಸಣ್ಣ ಬಟ್ಟು ತಂದುಕೊಟ್ಟವರು ಬಾಪ.